ಮಗಳು ಬಾಯಿ ಬಿಡಲ್ಲ ಅನ್ನುವವರಿಗೆ

"ನಮ್ಮ ಮಗಳು ಬಾಯೇ ಬಿಡಲ್ಲ ಮೇಡಂ. ಅವಳನ್ನ ಲೀಡರ್ ಮಾಡೋದು ಹೇಗೆ?"

ಈ ಪ್ರಶ್ನೆಯನ್ನು ಪೋಷಕರ ಸಭೆಯಲ್ಲಿ ಕೇಳುತ್ತಾರೆ. ಮದುವೆ ಊಟದಲ್ಲಿ ಪಕ್ಕದ ಎಲೆಯವರು ಕೇಳುತ್ತಾರೆ. ಮೆಟ್ರೋದಲ್ಲಿ ನಿಂತಿದ್ದಾಗ ಹಳೇ ವಿದ್ಯಾರ್ಥಿಯ ತಂದೆಯೊಬ್ಬರು ಕೇಳಿದ್ದಾರೆ, ಅವರ ಸ್ಟಾಪ್ ಬಂದರೂ ಇಳಿಯಲಿಲ್ಲ. ನಾನು ಬೆಂಗಳೂರಿನ ಒಂದು ಡಿಗ್ರಿ ಕಾಲೇಜಿನಲ್ಲಿ ಕಾಮರ್ಸ್ ಪಾಠ ಮಾಡುತ್ತೇನೆ, ಜೊತೆಗೆ ಎನ್‌ಎಸ್‌ಎಸ್, ಅಂದರೆ ರಾಷ್ಟ್ರೀಯ ಸೇವಾ ಯೋಜನೆ, ನೋಡಿಕೊಳ್ಳುತ್ತೇನೆ. ಹಾಗಾಗಿ ಇದಕ್ಕೆ ನನ್ನ ಹತ್ತಿರ ಮದ್ದಿದೆ ಎಂದು ಎಲ್ಲರೂ ನಂಬಿದ್ದಾರೆ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಮುಂದೆ ಕೇಳಿದವರಿಗೆಲ್ಲ ಇದನ್ನೇ ಕಳಿಸುತ್ತೇನೆ.

ನೇರವಾಗಿ ಹೇಳಿಬಿಡುತ್ತೇನೆ. ಬಾಯಿ ಬಿಡದ ಹುಡುಗಿಗೆ ಬಾಯಿ ಬಿಡಿಸಿದರೆ ಅವಳು ಜೋರಾಗಿ ಮಾತಾಡುವ ಹುಡುಗಿ ಆಗುತ್ತಾಳೆ, ಅಷ್ಟೇ. ಗುಂಪು ನಡೆಸುವುದು ಬೇರೆ ವಿದ್ಯೆ. ಅದನ್ನು ಕಲಿಸಬಹುದು, ಯಾರು ಬೇಕಾದರೂ ಕಲಿಯಬಹುದು. ನನಗೆ ಸಿಟ್ಟು ಬರುವುದು ಪ್ರಶ್ನೆಗಿಂತ ಕೇಳುವ ರೀತಿಗೆ. ಮಗಳನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡು ಕೇಳುತ್ತಾರೆ. ಅವಳು ಪಾಪ ಚಪ್ಪಲಿ ನೋಡುತ್ತಾ ನಿಂತಿರುತ್ತಾಳೆ. ಅವಳ ಬಗ್ಗೆ ಅವಳೆದುರೇ ಹೀಗೆ ಮಾತಾಡಿದರೆ ಅವಳು ಯಾಕಾದರೂ ಬಾಯಿ ಬಿಡಬೇಕು?

ವಿದ್ಯಾರ್ಥಿಗಳು ಇದನ್ನೇ ಬೇರೆ ಥರ ಕೇಳುತ್ತಾರೆ. "ಯಾವ ಲೀಡರ್‌ಶಿಪ್ ಸ್ಟೈಲ್ ಬೆಸ್ಟ್ ಮೇಡಂ?" ಮ್ಯಾನೇಜ್‌ಮೆಂಟ್ ಪೇಪರಿನಲ್ಲಿ ಮೂರು ಹೆಸರು ಬರುತ್ತವೆ: ಆಟೊಕ್ರಾಟಿಕ್, ಡೆಮಾಕ್ರಾಟಿಕ್, ಲೆಸೆ ಫೇರ್. ಆಜ್ಞೆ ಮಾಡುವವನು, ಎಲ್ಲರನ್ನೂ ಕೇಳಿ ನಡೆಯುವವನು, ಸುಮ್ನೆ ಬಿಟ್ಟುಬಿಡುವವನು. ಪ್ರತಿಯೊಂದಕ್ಕೂ ನಾಲ್ಕು ಅನುಕೂಲ, ನಾಲ್ಕು ಅನಾನುಕೂಲ ಬರೆದರೆ ಅಂಕ ಬರುತ್ತದೆ. ಈ ಹೆಸರುಗಳು ಎಲ್ಲಿಂದ ಬಂದವು ಎಂದು ನೋಟ್ಸ್ ಹೇಳುವುದಿಲ್ಲ. ಅದನ್ನು ಹೇಳಿದರೆ ಅರ್ಧ ಪಾಠ ಅಲ್ಲೇ ಮುಗಿಯುತ್ತದೆ.

ಕರ್ಟ್ ಲೆವಿನ್ ಎಂಬ ಮನಶ್ಶಾಸ್ತ್ರಜ್ಞ 1933ರಲ್ಲಿ, ಹಿಟ್ಲರ್ ಅಧಿಕಾರಕ್ಕೆ ಬಂದ ವರ್ಷ, ಜರ್ಮನಿ ಬಿಟ್ಟು ಅಮೆರಿಕಕ್ಕೆ ಹೋದ. ಅವನು ಯಹೂದಿ. ಅಯೋವಾದಲ್ಲಿ ಅವನು, ರೊನಾಲ್ಡ್ ಲಿಪ್ಪಿಟ್, ರಾಲ್ಫ್ ವೈಟ್ ಸೇರಿ ಹತ್ತು ವರ್ಷದ ಹುಡುಗರ ಸಣ್ಣ ಸಣ್ಣ ಕ್ಲಬ್ ಮಾಡಿದರು. ಶಾಲೆ ಬಿಟ್ಟ ಮೇಲೆ ಹುಡುಗರು ಅಲ್ಲಿ ಮುಖವಾಡ ಮಾಡುವುದು, ಬಣ್ಣ ಹಚ್ಚುವುದು, ಇಂಥ ಕೆಲಸ ಮಾಡುತ್ತಿದ್ದರು. ಒಂದು ಕ್ಲಬ್ಬಿನಲ್ಲಿ ದೊಡ್ಡವರು ಒಂದೊಂದೇ ಹೆಜ್ಜೆ ಹೇಳಿ ಮಾಡಿಸಿದರು. ಮುಂದಿನ ಹೆಜ್ಜೆ ಏನೆಂದು ಹುಡುಗರಿಗೆ ಗೊತ್ತಿರುತ್ತಿರಲಿಲ್ಲ. ಇನ್ನೊಂದರಲ್ಲಿ ಇಡೀ ಕೆಲಸವನ್ನು ಮೊದಲೇ ಕೂತು ಮಾತಾಡಿಕೊಂಡರು. ಕೇಳಿ ನಡೆಯುವ ಪಾತ್ರವನ್ನು ವೈಟ್ ವಹಿಸಿದಾಗ ಅದು ಪೂರ್ತಿ ಕೈಬಿಟ್ಟಂತೆ ಆಯಿತು. ಲೆವಿನ್ ಅದನ್ನು ಗಮನಿಸಿ ಬೇರೆಯೇ ಬಗೆ ಎಂದ. ಮೂರನೆಯ ಹೆಸರು ಹುಟ್ಟಿದ್ದು ಹಾಗೆ. 1939ರಲ್ಲಿ ಇದು ಪ್ರಕಟವಾಯಿತು.

ನನಗೆ ಇದರಲ್ಲಿ ತುಂಬಾ ಇಷ್ಟವಾಗುವ ಭಾಗ ಒಂದಿದೆ. ಕೆಲಸ ನಡೆಯುವಾಗ ಲೀಡರ್ ಬೇಕೆಂದೇ ಎದ್ದು ಕೋಣೆಯಿಂದ ಹೊರಗೆ ಹೋಗುತ್ತಿದ್ದ. ಎದುರಿಗಿದ್ದಷ್ಟು ಹೊತ್ತು ಆಜ್ಞೆಯ ಗುಂಪಿನ ಹುಡುಗರು ಕೆಲಸವನ್ನೇನೂ ಕಮ್ಮಿ ಮಾಡಲಿಲ್ಲ. ಅವನು ಬಾಗಿಲು ದಾಟಿದ ಕೂಡಲೇ ಕೆಲಸ ಬಿತ್ತು. ಕೂತು ಮಾತಾಡಿಕೊಂಡಿದ್ದ ಗುಂಪಿನಲ್ಲಿ ಲೀಡರ್ ಇದ್ದರೂ ಇಲ್ಲದಿದ್ದರೂ ಹೆಚ್ಚು ವ್ಯತ್ಯಾಸ ಆಗಲಿಲ್ಲ. ಆಮೇಲೆ ಹುಡುಗರನ್ನೇ ಕೇಳಿದಾಗ 20ರಲ್ಲಿ 19 ಮಂದಿ ಆಜ್ಞೆ ಮಾಡಿದವನಿಗಿಂತ ಕೇಳಿ ನಡೆದವನೇ ಇಷ್ಟ ಎಂದರು.

ನಾನು ಇದನ್ನು ಕಣ್ಣಾರೆ ನೋಡಿದ್ದು ಬಸವನಗುಡಿಯಲ್ಲಿ.

ಕಾರ್ತಿಕದ ಕೊನೆಯ ಸೋಮವಾರ ಕಡಲೆಕಾಯಿ ಪರಿಷೆ. ಬುಲ್ ಟೆಂಪಲ್ ರಸ್ತೆ ಉದ್ದಕ್ಕೂ ಕಡಲೆಕಾಯಿ ರಾಶಿ, ಕಾಲಿಡಲು ಜಾಗ ಇರುವುದಿಲ್ಲ. ಒಂದು ವರ್ಷ ನಮ್ಮ ಮಕ್ಕಳು ಅಲ್ಲಿ ಸ್ವಯಂಸೇವಕರು. ಪ್ಲಾಸ್ಟಿಕ್ ಕವರ್ ಹಿಡಿದು ಬಂದವರಿಗೆ ಬಟ್ಟೆ ಚೀಲ ಕೊಡಬೇಕು, ಸಿಪ್ಪೆ ಮತ್ತು ಕಸ ಬೇರೆ ಬೇರೆ ಹಾಕಿಸಬೇಕು, ನೂಕುನುಗ್ಗಲು ಆದ ಕಡೆ ದಾರಿ ಬಿಡಿಸಬೇಕು. ಎರಡು ಗುಂಪು ಮಾಡಿದ್ದೆ.

ಒಂದಕ್ಕೆ ಕೊನೆಯ ವರ್ಷದ ಹುಡುಗ. ಅವನಿಗೆ ಮೈಕ್ ಬೇಡ, ಅಂಥ ದನಿ. "ನೀನಿಲ್ಲಿ, ನೀನಲ್ಲಿ, ಯಾರೂ ಜಾಗ ಬಿಡಬಾರದು." ಐದು ನಿಮಿಷದಲ್ಲಿ ಎಲ್ಲರೂ ಸಾಲಾಗಿ ನಿಂತರು. ಬಂದೋಬಸ್ತಿಗೆ ಬಂದಿದ್ದ ಪೊಲೀಸಿನವರೂ ಮೆಚ್ಚಿದರು.

ಇನ್ನೊಂದಕ್ಕೆ ಮಾಗಡಿ ಕಡೆಯ ಹಳ್ಳಿಯ ಹುಡುಗಿ. ಎರಡನೇ ವರ್ಷ, ಹಾಸ್ಟೆಲ್ ವಾಸ, ಕ್ಲಾಸಿನಲ್ಲಿ ಹಾಜರಿ ಕೂಗಿದರೆ ಕೇಳಿಸುವಷ್ಟೇ ಮಾತು. ಅವಳು ಎಲ್ಲರನ್ನೂ ಫುಟ್‌ಪಾತ್ ಅಂಚಿನಲ್ಲಿ ಕೂರಿಸಿಕೊಂಡಳು. "ನಿನ್ನ ಕೆಲಸ ಏನು, ನೀನೇ ಹೇಳು" ಎಂದು ಒಬ್ಬೊಬ್ಬರನ್ನೇ ಕೇಳಿದಳು. ಆಮೇಲೆ "ಏನೇನು ತಪ್ಪಾಗಬಹುದು?" ಎಂದು ಕೇಳಿದಳು. ಮೊದಲ ವರ್ಷದ ಹುಡುಗನೊಬ್ಬ, ಅವನೂ ಮಾತಾಡದ ಪೈಕಿ, "ವ್ಯಾಪಾರದವರನ್ನ ಮೊದಲು ಮಾತಾಡಿಸೋಣ ಅಕ್ಕ. ಅವರ ಗಿರಾಕಿ ಹತ್ರ ಹೋಗಿ ಕವರ್ ಕಿತ್ಕೊಂಡ್ರೆ ಬೈತಾರೆ. ನಮ್ಮ ಮಾವನೇ ಬೈತಾರೆ" ಎಂದ. ಅವನ ಮಾವ ಅದೇ ರಸ್ತೆಯಲ್ಲಿ ರಾಶಿ ಹಾಕಿಕೊಂಡು ಕೂತಿದ್ದರಂತೆ! ಸರಿ, ಮೊದಲು ವ್ಯಾಪಾರಿಗಳ ಹತ್ತಿರ ಹೋದರು. ಮಧ್ಯಾಹ್ನದ ಹೊತ್ತಿಗೆ ವ್ಯಾಪಾರಿಗಳೇ "ಚೀಲ ಆ ಮಕ್ಕಳ ಹತ್ರ ಇಸ್ಕೊಳ್ಳಿ, ಇಲ್ಲಿ ಅಳೆದು ಹಾಕ್ತೀನಿ" ಎಂದು ಗಿರಾಕಿಗಳನ್ನು ಕಳಿಸುತ್ತಿದ್ದರು.

ಮಧ್ಯಾಹ್ನದ ಮೇಲೆ ಬಿಸಿಲಿಗೆ ಒಬ್ಬ ಹುಡುಗಿಗೆ ತಲೆ ಸುತ್ತಿ ಬಂತು. ಆ ದನಿಯ ಹುಡುಗ ತಾನೇ ಅವಳನ್ನು ಆಟೋದಲ್ಲಿ ಕ್ಲಿನಿಕ್ಕಿಗೆ ಕರೆದುಕೊಂಡು ಹೋದ. ಒಳ್ಳೆಯ ಹುಡುಗ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಅವನು ಹೋದ ಮೇಲೆ ಅವನ ಕಡೆ ಚೀಲ ಖಾಲಿ ಆಯಿತು. ಆಫೀಸು ಬಿಟ್ಟ ಜನ ಗಾಂಧಿ ಬಜಾರ್ ಕಡೆಯಿಂದ ಬರತೊಡಗಿದರು. ಅವನ ಗುಂಪು ಮಾತ್ರ ಬೆಳಿಗ್ಗೆ ನಿಲ್ಲಿಸಿದ ಜಾಗದಲ್ಲೇ ಇತ್ತು. ಚೀಲದ ಮೂಟೆ ಕೂಗಳತೆ ದೂರದಲ್ಲಿತ್ತು, ಯಾರೂ ಹೋಗಿ ತರಲಿಲ್ಲ. ಯಾಕೆ ಎಂದು ಕೇಳಿದೆ. "ಜಾಗ ಬಿಡಬಾರದು ಅಂತ ಅಣ್ಣ ಹೇಳಿದ್ದಾರೆ ಮೇಡಂ. ಫೋನ್ ಮಾಡ್ತಿದ್ದೀವಿ, ಎತ್ತುತ್ತಿಲ್ಲ." ಸೋಮಾರಿಗಳಲ್ಲ ಈ ಮಕ್ಕಳು. ಹೇಳಿದ ಮಾತು ಕೇಳುವ ಮಕ್ಕಳು. ಯಾಕೆ ನಿಂತಿದ್ದೇವೆ ಎಂದು ಮಾತ್ರ ಗೊತ್ತಿರಲಿಲ್ಲ. ಮಾಗಡಿ ಹುಡುಗಿಯೂ ಅದೇ ಹೊತ್ತಿಗೆ ಊಟಕ್ಕೆ ಹೋಗಿದ್ದಳಂತೆ. ಅವಳ ಗುಂಪಿನ ಕೆಲಸ ನಿಲ್ಲಲಿಲ್ಲ, ಹಾಗಾಗಿ ನನಗೆ ಗೊತ್ತಾದದ್ದು ಅವಳು ವಾಪಸ್ ಬಂದ ಮೇಲೆ.

ಕತೆ ಇಲ್ಲಿಗೇ ನಿಲ್ಲಿಸಿದರೆ ನಿಮಗೆ ಸುಳ್ಳು ಹೇಳಿದಂತೆ ಆಗುತ್ತದೆ. ಕತ್ತಲಾಗುವ ಹೊತ್ತಿಗೆ ದೇವಸ್ಥಾನದ ಹತ್ತಿರ ಜನ ಒತ್ತರಿಸಿ ಬಂದರು. ಸಣ್ಣ ಮಕ್ಕಳು ಅಳಲು ಶುರು ಮಾಡಿದರು. ಅಂಥ ಕಡೆ ಸುತ್ತ ಕೂರಿಸಿ ಅಭಿಪ್ರಾಯ ಕೇಳೋಕೆ ಆಗುತ್ತಾ? ಆ ಹುಡುಗಿ ಓಡಿ ಹೋಗಿ, ಆಗಷ್ಟೇ ಕ್ಲಿನಿಕ್ಕಿನಿಂದ ಬಂದಿದ್ದ ಅವನನ್ನು ಕರೆತಂದಳು. "ಅಣ್ಣ, ಇಲ್ಲಿ ನಿಮ್ಮ ದನಿ ಬೇಕು" ಎಂದಳು. ಅವನು ಒಂದು ಗಾಡಿಯ ಮೇಲೆ ಹತ್ತಿ ಎಡಕ್ಕೆ, ಬಲಕ್ಕೆ, ನಿಲ್ಲಿ ಎಂದು ಕೂಗಿದ. ಎರಡೂ ಗುಂಪು ಮರುಮಾತಿಲ್ಲದೆ ಅವನು ಹೇಳಿದಂತೆ ಕೈ ಹಿಡಿದು ದಾರಿ ಮಾಡಿತು. ತನ್ನ ರೀತಿ ಇಲ್ಲಿ ನಡೆಯಲ್ಲ ಎಂದು ತಿಳಿದು, ನಡೆಯುವವನನ್ನು ಕರೆದಳಲ್ಲ, ಆ ದಿನ ಅವಳು ಮಾಡಿದ ದೊಡ್ಡ ಕೆಲಸ ಅದು. ಹಾಗಾಗಿ ಯಾವ ಸ್ಟೈಲ್ ಬೆಸ್ಟ್ ಎಂದು ನನ್ನನ್ನು ಕೇಳಬೇಡಿ. ಎಷ್ಟು ಹೊತ್ತಿದೆ, ಎಷ್ಟು ಅಪಾಯ ಇದೆ, ಗುಂಪಿಗೆ ಕೆಲಸ ಎಷ್ಟು ಗೊತ್ತು ಎಂದು ಕೇಳಿ. 1969ರಲ್ಲಿ ಹರ್ಸಿ ಮತ್ತು ಬ್ಲಾಂಚರ್ಡ್ ಎಂಬ ಮ್ಯಾನೇಜ್‌ಮೆಂಟ್ ಪಂಡಿತರು ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ. ಹೊಸಬರಿಗೆ ಬಿಡಿಸಿ ಹೇಳಬೇಕು, ಪಳಗಿದವರಿಗೆ ಬಿಟ್ಟುಕೊಡಬೇಕು. ಎನ್‌ಎಸ್‌ಎಸ್‌ನಲ್ಲಿ ಒಂದು ಮಗು ಎರಡು ವರ್ಷದಲ್ಲಿ 240 ಗಂಟೆ ಸೇವೆ ಮಾಡಬೇಕು. ಮೊದಲ ತಿಂಗಳು ಪೊರಕೆ ಎಲ್ಲಿದೆ ಎಂದೂ ತೋರಿಸಬೇಕು. ಎರಡನೇ ವರ್ಷವೂ ಪೊರಕೆ ತೋರಿಸುತ್ತಿದ್ದರೆ ಏನೋ ಕೆಟ್ಟಿದೆ ಎಂದರ್ಥ.

ಪರಿಷೆಗೆಂದು ಊರಿಂದ ಬಂದಿದ್ದ ಆ ಹುಡುಗಿಯ ತಾಯಿ ರಾತ್ರಿ ನನ್ನ ಹತ್ತಿರ ಬಂದರು. ಮಗಳು ಪಕ್ಕದಲ್ಲೇ ಇದ್ದಳು. "ಆ ಹುಡುಗ ಎಷ್ಟು ಚೆನ್ನಾಗಿ ಮಾತಾಡ್ತಾನೆ ಮೇಡಂ. ಇವಳಿಗೂ ಸ್ವಲ್ಪ ಮಾತು ಕಲಿಸಿ. ಇವಳು ಲೀಡರ್ ಆಗೋದು ಯಾವಾಗ?" ನನಗೆ ಎಷ್ಟು ಸಿಟ್ಟು ಬಂತೆಂದರೆ ಗಂಟಲು ಕಟ್ಟಿತು. "ಬೆಳಿಗ್ಗೆಯಿಂದ ಅವಳು ಅದೇ ಆಗಿದ್ದಾಳಮ್ಮ" ಎಂದೆ. ಅವರು ನಕ್ಕರು. ನಾನು ಸಮಾಧಾನಕ್ಕೆ ಹೇಳುತ್ತಿದ್ದೇನೆ ಎಂದುಕೊಂಡರು.

ನೀವು ನನ್ನನ್ನು ಕೇಳಬೇಕಾದ ಪ್ರಶ್ನೆ ಇದು: ಗುಂಪಿನಲ್ಲಿ ಎಲ್ಲರಿಗಿಂತ ಚಿಕ್ಕವನು ಲೀಡರ್‌ಗೆ "ಇದು ತಪ್ಪು ಅಣ್ಣ" ಎಂದು ಹೇಳುವಂತೆ ಮಾಡುವುದು ಹೇಗೆ? ಇದನ್ನು ಯಾರೂ ಕೇಳುವುದಿಲ್ಲ. ಕೇಳಿದರೆ ನಾನು ಊಟ ಬಿಟ್ಟು ಮಾತಾಡುತ್ತೇನೆ.

1977ರ ಮಾರ್ಚ್ 27. ಸ್ಪೇನಿಗೆ ಸೇರಿದ ಟೆನೆರೀಫ್ ದ್ವೀಪದ ವಿಮಾನ ನಿಲ್ದಾಣದಲ್ಲಿ ದಟ್ಟ ಮಂಜು. ರನ್‌ವೇ ಮೇಲೆ ಎರಡು ಜಂಬೋ ವಿಮಾನ, ಒಂದು ಡಚ್ ಸಂಸ್ಥೆ ಕೆಎಲ್‌ಎಂನದು, ಒಂದು ಅಮೆರಿಕದ ಪ್ಯಾನ್ ಆ್ಯಮ್‌ನದು. ಕೆಎಲ್‌ಎಂ ಕ್ಯಾಪ್ಟನ್ ಆ ಸಂಸ್ಥೆಯಲ್ಲಿ ಬೇರೆ ಪೈಲಟ್‌ಗಳಿಗೆ ತರಬೇತಿ ಕೊಡುವಷ್ಟು ಹಿರಿಯ. ಟವರ್‌ನಿಂದ "ಓಕೆ" ಎಂದು ಬಂತು. "ಕಾಯಿರಿ, ಕರೆಯುತ್ತೇನೆ" ಎಂಬ ಮುಂದಿನ ಮಾತು, ಅದೇ ಕ್ಷಣಕ್ಕೆ ಪ್ಯಾನ್ ಆ್ಯಮ್‌ನವರೂ ರೇಡಿಯೋದಲ್ಲಿ ಮಾತಾಡಿದ್ದರಿಂದ ಸರಿಯಾಗಿ ಕೇಳಲಿಲ್ಲ. ಕೆಎಲ್‌ಎಂ ವಿಮಾನ ಓಡತೊಡಗಿತ್ತು. ಆ ಇನ್ನೊಂದು ವಿಮಾನ ರನ್‌ವೇ ಬಿಟ್ಟಿದೆಯಾ ಎಂದು ಫ್ಲೈಟ್ ಎಂಜಿನಿಯರ್ ಕೇಳಿದ. ಬಿಟ್ಟಿದೆ ಎಂದು ಕ್ಯಾಪ್ಟನ್ ಒತ್ತಿ ಹೇಳಿದ. ಕಿರಿಯವನು ಮತ್ತೆ ಕೇಳಲಿಲ್ಲ. ಎರಡೂ ವಿಮಾನ ಡಿಕ್ಕಿ ಹೊಡೆದು 583 ಜನ ಸತ್ತರು. ಆಮೇಲೆ ವಿಮಾನ ಸಂಸ್ಥೆಗಳ ತರಬೇತಿಯೇ ಬದಲಾಯಿತು. ಅನುಮಾನ ಬಂದರೆ ಬಾಯಿ ಬಿಡು ಎಂದು ಕಿರಿಯರಿಗೆ, ಅವರು ಹೇಳಿದ್ದನ್ನು ಕೇಳು ಎಂದು ಕ್ಯಾಪ್ಟನ್‌ಗೆ ಕಲಿಸತೊಡಗಿದರು. ಅನುಮತಿ ಬಂದಾಗ ಬರೀ ಓಕೆ ಎನ್ನುವಂತಿಲ್ಲ, ಹೇಳಿದ್ದನ್ನು ತಿರುಗಿ ಹೇಳಬೇಕು.

ನಮ್ಮ ಮಕ್ಕಳ ವಾಟ್ಸಾಪ್ ಗ್ರೂಪ್ ನೋಡಿ. "ಯಾರಾದ್ರೂ ಬ್ಯಾನರ್ ತನ್ನಿ" ಎಂದು ಒಬ್ಬ ಹಾಕುತ್ತಾನೆ. ಮೂವತ್ತು ಹೆಬ್ಬೆರಳು ಬೀಳುತ್ತವೆ. ಬೆಳಿಗ್ಗೆ ಬ್ಯಾನರ್ ಇಲ್ಲ. ಯಾರು, ಏನು, ಎಷ್ಟು ಗಂಟೆಗೆ, ಈ ಮೂರೂ ಇರಲೇಬೇಕು. ಹೊತ್ತವರು ಅದನ್ನು ತಮ್ಮ ಮಾತಿನಲ್ಲಿ ತಿರುಗಿ ಬರೆಯಬೇಕು. "ಡೌಟ್ ಇದೆಯಾ?" ಎಂದು ಕೇಳಿದರೆ ಎಲ್ಲರೂ ಇಲ್ಲ ಎನ್ನುತ್ತಾರೆ. "ಏನು ತಪ್ಪಾಗಬಹುದು?" ಎಂದು ಕೇಳಿದರೆ ಮಾವ ಬೈಯುವ ವಿಷಯ ಹೊರಗೆ ಬರುತ್ತದೆ. ಲೀಡರ್ ತನ್ನ ಅಭಿಪ್ರಾಯವನ್ನು ಕೊನೆಗೆ ಹೇಳಬೇಕು. ಮೊದಲೇ ಹೇಳಿದರೆ ಉಳಿದವರು ತಲೆ ಆಡಿಸುತ್ತಾರೆ. ಮೊದಲ ಸಲ ಯಾರಾದರೂ "ಇದು ಸರಿಯಿಲ್ಲ" ಎಂದಾಗ ಲೀಡರ್ ಮುಖ ಹೇಗಿರುತ್ತದೆ ಎಂದು ಇಡೀ ಗುಂಪು ನೋಡುತ್ತಿರುತ್ತದೆ. ಆಗ ಮುಖ ಗಂಟಿಕ್ಕಿದರೆ ಮತ್ತೆ ವರ್ಷವಿಡೀ ಯಾರೂ ಹೇಳುವುದಿಲ್ಲ.

ಬೆಂಗಳೂರಿನಲ್ಲಿ ಇನ್ನೂ ಒಂದು ಕಷ್ಟ ಇದೆ. ಮೀಟಿಂಗ್ ಕನ್ನಡದಲ್ಲಿ ಶುರುವಾಗುತ್ತದೆ. ಒಬ್ಬರು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾರೆ. ಐದು ನಿಮಿಷಕ್ಕೆ ಎಲ್ಲವೂ ಇಂಗ್ಲಿಷ್. ಕನ್ನಡ ಮೀಡಿಯಂನಿಂದ ಬಂದವರು ಸುಮ್ಮನಾಗುತ್ತಾರೆ. ಸುಮ್ಮನಾದವರಿಗೆ ಕುರ್ಚಿ ಹೊರುವ ಕೆಲಸ ಬೀಳುತ್ತದೆ, ಇಂಗ್ಲಿಷಿನವರಿಗೆ ಸ್ವಾಗತ ಭಾಷಣ. ಇದನ್ನು ನಾನು ಪ್ರತಿ ವರ್ಷ ನೋಡುತ್ತೇನೆ, ಪ್ರತಿ ವರ್ಷ ಹೊಟ್ಟೆ ಉರಿಯುತ್ತದೆ. ಆ ಹೊತ್ತಿಗೆ ಮಾತನ್ನು ಕನ್ನಡಕ್ಕೆ ತಿರುಗಿಸಿ, ಕನ್ನಡ ಬಾರದವರಿಗೆ ಮತ್ತೊಮ್ಮೆ ಬಿಡಿಸಿ ಹೇಳುವ ಹುಡುಗ ಅಥವಾ ಹುಡುಗಿ ಯಾರೋ, ನಾನು ಮುಂದಿನ ಕೆಲಸ ಅವರಿಗೇ ಕೊಡುತ್ತೇನೆ.

"ಹಾಗಾದ್ರೆ ಭಾಷಣದ ಕ್ಲಾಸಿಗೆ ಸೇರಿಸಬಾರದಾ?" ಸೇರಿಸಿ, ಧಾರಾಳವಾಗಿ ಸೇರಿಸಿ. ನಾಲ್ಕು ಜನರೆದುರು ನಿಂತು ಮಾತಾಡಲು ಬಂದರೆ ಒಳ್ಳೆಯದೇ. ಅದರ ಜೊತೆಗೆ ನಿಮ್ಮ ಬೀದಿಯ ಗಣೇಶನ ಹಬ್ಬದ ಚಂದಾ ಪುಸ್ತಕವನ್ನು ಅವಳ ಕೈಗೆ ಕೊಡಿ. ಹತ್ತು ಮಕ್ಕಳನ್ನು ಅವಳೇ ಸೇರಿಸಲಿ, ಪೆಂಡಾಲಿನವರ ಹತ್ತಿರ ಅವಳೇ ಚೌಕಾಸಿ ಮಾಡಲಿ, ಪ್ರಸಾದ ಎಷ್ಟು ಎಂದು ಅವಳೇ ತೀರ್ಮಾನಿಸಲಿ. ಪ್ರಸಾದ ಕಮ್ಮಿ ಬಿದ್ದರೆ ಬೀಳಲಿ. ನೀವು ನಡುವೆ ಬಾಯಿ ಹಾಕಬೇಡಿ. ಲೆಕ್ಕ ಕೇಳಿ, ಹಬ್ಬ ಮುಗಿದ ಮೇಲೆ.