ಒಂದೇ ಕಾರು, ಎರಡು ಬೂದು

ಬಳ್ಳಾರಿಯಲ್ಲಿ ಕಾರಿನ ಕ್ರೋಮ್‌ಗೆ, ಅಂದರೆ ಕನ್ನಡಿಯಂತೆ ಹೊಳೆಯುವ ಪಟ್ಟಿಗಳಿಗೆ, ಬಣ್ಣ ಹೊಡೆಸಿ ಮುಚ್ಚಿಸುತ್ತೇನೆ ಅಂದರೆ ಜನ ಒಂದು ಥರ ನೋಡುತ್ತಾರೆ. ಮಿಂಚು ಅಂದ್ರೆ ಇಷ್ಟ ನಮ್ಮ ಊರಿಗೆ. ಅದಿರಿನ ದುಡ್ಡು ಓಡಾಡುತ್ತಿದ್ದ ಕಾಲದಲ್ಲಿ, ಅಂದರೆ 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸುವುದಕ್ಕೆ ಮುಂಚೆ, ಹೊಸ ಗಾಡಿ ಶೋರೂಮಿನಿಂದ ಹೊರಬಿದ್ದರೆ ಮನೆಗಿಂತ ಮೊದಲು ಆಕ್ಸೆಸರೀಸ್ ಅಂಗಡಿಗೆ ಹೋಗುತ್ತಿತ್ತು. ಹ್ಯಾಂಡಲ್ಲಿಗೆ, ಕನ್ನಡಿಗೆ, ಹೆಡ್‌ಲೈಟ್ ಸುತ್ತ, ಕೊನೆಗೆ ಡೀಸೆಲ್ ಮುಚ್ಚಳಕ್ಕೂ ಕ್ರೋಮ್ ಅಂಟಿಸಿಕೊಂಡು ಬರುತ್ತಿದ್ದರು. ಆ ಅಭ್ಯಾಸ ಇನ್ನೂ ಪೂರ್ತಿ ಹೋಗಿಲ್ಲ.

ನಮ್ಮದು ಬೂದು ಬಣ್ಣದ ಹಳೆ ಸೆಡಾನ್, ಮೆಟಾಲಿಕ್. ಸೋದರಮಾವನ ಗಾಡಿ, ಅವರು ದೊಡ್ಡದು ತಗೊಂಡ ಮೇಲೆ ನನಗೆ ಬಂತು. ಮುಂದೆ ಗ್ರಿಲ್ಲಿನಲ್ಲಿ ಅಡ್ಡಡ್ಡ ಕ್ರೋಮ್ ಪಟ್ಟಿಗಳು, ಫಾಗ್ ಲ್ಯಾಂಪಿಗೆ ಬಳೆ, ಹಿಂದೆ ಡಿಕ್ಕಿಯ ಮೇಲೆ ನಂಬರ್ ಪ್ಲೇಟಿನ ನೆತ್ತಿಗೆ ಅಗಲವಾದ ಒಂದು ಪಟ್ಟಿ. ನಮ್ಮ ಬೋರ್ ನೀರಿನಲ್ಲಿ ವರ್ಷಗಟ್ಟಲೆ ತೊಳೆದು ತೊಳೆದು ಅದರ ಮೇಲೆ ಬಿಳಿ ಕಲೆ ಕೂತಿತ್ತು. ಗ್ರಿಲ್ಲಿನ ಕೆಳಗಿನ ಪಟ್ಟಿಯಲ್ಲಂತೂ ಕ್ರೋಮ್ ಹಪ್ಪಳದ ಹಾಗೆ ಉಬ್ಬಿ ಎದ್ದಿತ್ತು. ಬಟ್ಟೆಯಲ್ಲಿ ಒರೆಸಿದರೆ ಬಟ್ಟೆ ಸಿಕ್ಕಿಕೊಳ್ಳುತ್ತಿತ್ತು, ಬೆರಳಲ್ಲಿ ಒರೆಸಿದರೆ ಬೆರಳು ಕೊಯ್ಯುತ್ತಿತ್ತು.

ಹೊಸ ಗ್ರಿಲ್ ಹಾಕಿಸಬಹುದಿತ್ತು. ಆದರೆ ಹಿಂದಿನ ಪಟ್ಟಿ ಸಿಗುತ್ತಿರಲಿಲ್ಲ, ಹಳೆ ಮಾಡೆಲ್. ಪ್ಲಾಸ್ಟಿಕ್ಕಿನ ಮೇಲೆ ಮತ್ತೆ ಕ್ರೋಮ್ ಹಾಕಿಕೊಡುವವರು ನನಗೆ ಊರಲ್ಲಿ ಸಿಗಲಿಲ್ಲ. ಕರಿ ಸ್ಟಿಕ್ಕರ್ ಅಂಟಿಸಿ ಅಂತ ಬಹಳ ಜನ ಹೇಳಿದರು, ಈಗಿನ ಹುಡುಗರ ಫ್ಯಾಷನ್ ಅದೇ, ಕ್ರೋಮ್ ಡಿಲೀಟ್ ಅಂತ ಹೆಸರು ಬೇರೆ. ನನಗೆ ಮನಸ್ಸಿಗೆ ಬರಲಿಲ್ಲ. ಏಪ್ರಿಲ್‌ನಲ್ಲಿ 40 ಡಿಗ್ರಿ ದಾಟುವ ಊರಿನಲ್ಲಿ, ಕೆಳಗೆ ಕ್ರೋಮ್ ಉಬ್ಬಿರುವ ಕಡೆ, ಸ್ಟಿಕ್ಕರಿನ ಅಂಚು ಎಷ್ಟು ದಿನ ಹಿಡಿದುಕೊಂಡಿರುತ್ತದೆ? ಬಾಡಿ ಬಣ್ಣವನ್ನೇ ಹೊಡೆಸಿಬಿಡೋಣ, ಪಟ್ಟಿ ಇದೆ ಅಂತಲೇ ಗೊತ್ತಾಗಬಾರದು ಅಂತ ನಿರ್ಧಾರ ಮಾಡಿದೆ.

ಮಾವನಿಗೆ ಹೇಳಿದಾಗ ಅವರು ಫೋನಿನಲ್ಲೇ ನಕ್ಕರು. "ಅಲ್ಲೋ ಅಳಿಯಾ, ಜನ ದುಡ್ಡು ಕೊಟ್ಟು ಮಿಂಚು ಹಾಕಿಸ್ತಾರೆ, ನೀನು ದುಡ್ಡು ಕೊಟ್ಟು ಮುಚ್ಚಿಸ್ತೀಯಾ?"

ನಾನು ಹೋಗಿದ್ದು ಹೊಸಪೇಟೆ ರಸ್ತೆ ಕಡೆ ಒಂದು ಸಣ್ಣ ಶೆಡ್ಡಿಗೆ. ಅಲ್ಲಿ ಪೇಂಟ್ ಮಾಡುವವರನ್ನು ಎಲ್ಲರೂ ಭಾಯ್ ಅಂತಲೇ ಕರೆಯುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ಲಾರಿ ಕ್ಯಾಬಿನ್ನುಗಳಿಗೆ ಬಣ್ಣ ಹೊಡೆದು ಹೊಡೆದು ಕೈ ಪಳಗಿದವರು. ಗ್ರಿಲ್ ನೋಡಿದರು, ಉಗುರಲ್ಲಿ ಒಂದು ಉಬ್ಬನ್ನು ಕೆರೆದರು, ಎದ್ದ ಚೂರನ್ನು ಬೆಳಕಿಗೆ ಹಿಡಿದರು. "ಬಣ್ಣ ಹೊಡೆಯೋದು ಏನಿಲ್ಲ ಅಣ್ಣಾ, ಒಂದು ಬೆಳಿಗ್ಗೆ ಕೆಲಸ. ಅದು ಇದರ ಮೇಲೆ ಕೂತ್ಕೋಬೇಕಲ್ಲ."

ಅವರ ಮಾತು ಸುಮ್ನೆ ಅಲ್ಲ. ನನ್ನ ಗೆಳೆಯನೊಬ್ಬ ಬೇರೆ ಕಡೆ ಹೀಗೇ ಮಾಡಿಸಿದ್ದ. ಅಲ್ಲಿ ಕ್ರೋಮನ್ನು ಒರೆಸಿ ಸೀದಾ ಮೇಲೆಯೇ ಬಣ್ಣ ಹೊಡೆದಿದ್ದರು. ಒಂದು ದಿನ ವಾಟರ್ ಸರ್ವಿಸಿಗೆ ಬಿಟ್ಟಾಗ ಪ್ರೆಶರ್ ನೀರು ತಾಗಿದ್ದೇ ತಡ, ಬಣ್ಣ ಹಾಳೆ ಹಾಳೆಯಾಗಿ ಎದ್ದು ಹೋಯಿತು. ಕ್ರೋಮ್ ಬಹಳ ಗಟ್ಟಿ ಲೋಹ, ಮೇಲ್ಮೈ ಕನ್ನಡಿಯಷ್ಟು ನುಣುಪು. ಪೇಂಟಿಗೆ ಹಿಡಿದುಕೊಳ್ಳೋದಕ್ಕೆ ಅಲ್ಲಿ ಏನೂ ಇರೋದಿಲ್ಲ. ಹೊಳಪನ್ನು ಪೂರ್ತಿ ಸಾಯಿಸಿದ ಮೇಲೆಯೇ ಮುಂದಿನ ಮಾತು.

ಪಟ್ಟಿಗಳನ್ನು ಬಿಚ್ಚಿಕೊಟ್ಟಿದ್ದು ನಾನೇ. ಗ್ರಿಲ್ ಕ್ಲಿಪ್ಪುಗಳ ಮೇಲೆ ನಿಂತಿತ್ತು, ಬಂತು. ಡಿಕ್ಕಿಯ ಪಟ್ಟಿಗೆ ಒಳಗಡೆಯಿಂದ ನಟ್ಟು, ಜೊತೆಗೆ ಹಿಂದೆ ಎರಡೂ ಬದಿ ಅಂಟುವ ಟೇಪು. ಈ ಟೇಪನ್ನು ಬಿಡಿಸೋದಕ್ಕೆ ಬೇರೆ ಊರಲ್ಲಿ ಹೀಟ್ ಗನ್ ಹಿಡಿಯುತ್ತಾರಂತೆ. ಇಲ್ಲಿ ಮಧ್ಯಾಹ್ನ ಎರಡು ಗಂಟೆಗೆ ಡಿಕ್ಕಿಯನ್ನು ಬಿಸಿಲಿಗೆ ತಿರುಗಿಸಿ ನಿಲ್ಲಿಸಿದರೆ ಸಾಕು. ಆಮೇಲೆ ಮೀನು ಹಿಡಿಯುವ ನೈಲಾನ್ ದಾರವನ್ನು ಪಟ್ಟಿಯ ಹಿಂದೆ ತೂರಿಸಿ ಆ ಕಡೆ ಈ ಕಡೆ ಗರಗಸದ ಥರ ಎಳೆದರೆ ಟೇಪು ತಾನಾಗೇ ಕುಯ್ದುಕೊಂಡು ಬರುತ್ತದೆ. ಬಾಡಿಗೆ ಒಂದು ಗೀರೂ ಬೀಳಲ್ಲ.

ಮೊದಲು ಸೋಪು ನೀರು, ಆಮೇಲೆ ಗ್ರೀಸ್ ತೆಗೆಯುವ ದ್ರಾವಣ. ಇಲ್ಲಿ ಭಾಯ್ ನನ್ನನ್ನು ಒಂದು ಪ್ರಶ್ನೆ ಕೇಳಿದರು, ಡ್ಯಾಶ್‌ಬೋರ್ಡಿಗೆ ಹೊಳಪು ಬರಲಿ ಅಂತ ಹಚ್ಚುವ ಪಾಲಿಶ್ ಇದಕ್ಕೂ ಹಚ್ಚಿದ್ದೀರಾ ಅಂತ. ಆ ಪಾಲಿಶ್‌ನಲ್ಲಿ ಸಿಲಿಕೋನ್ ಇರುತ್ತದೆ. ಅದರ ಒಂದು ತೊಟ್ಟು ಉಳಿದರೂ ಬಣ್ಣ ಆ ಜಾಗದಿಂದ ಹಿಂದೆ ಸರಿದು ಗುಂಡಗೆ ಸಣ್ಣ ಗುಳಿ ಬೀಳುತ್ತದೆ. ಪೇಂಟರುಗಳು ಅದಕ್ಕೆ ಫಿಶ್ ಐ ಅಂತಾರೆ. ಅದಕ್ಕೇ ಎಮರಿ ಪೇಪರ್ ಮುಟ್ಟುವ ಮೊದಲೇ ತೊಳೆಯಬೇಕು. ಇಲ್ಲದಿದ್ದರೆ ಎಣ್ಣೆಯನ್ನೇ ಗೀರುಗಳ ಒಳಗೆ ತಿಕ್ಕಿ ಕೂರಿಸಿದ ಹಾಗಾಗುತ್ತದೆ. ಪಟ್ಟಿ ಪ್ಲಾಸ್ಟಿಕ್ ಆದ್ದರಿಂದ ಸ್ಟ್ರಾಂಗ್ ಥಿನ್ನರಿನಲ್ಲಿ ನೆನೆಸೋದೂ ಬೇಡ, ಮೆತ್ತಗಾಗುತ್ತದೆ.

ಇನ್ನು ಉಜ್ಜುವುದು. ಉಬ್ಬಿದ ಕ್ರೋಮನ್ನೆಲ್ಲ ಬ್ಲೇಡಿನ ತುದಿಯಲ್ಲಿ ಎಬ್ಬಿಸಿ ತೆಗೆದರು. ಸಡಿಲವಾಗಿರುವುದರ ಮೇಲೆ ಎಷ್ಟು ಒಳ್ಳೆ ಪ್ರೈಮರ್ ಹೊಡೆದರೂ ಅದು ಸಡಿಲವೇ ಅಲ್ವಾ. ಉಳಿದದ್ದಕ್ಕೆ 320 ನಂಬರ್ ವಾಟರ್ ಪೇಪರ್, ನೀರು ಹಾಕಿಕೊಂಡೇ. ನೀರು ಇಲ್ಲದೆ ಉಜ್ಜಿದರೆ ಕ್ರೋಮ್, ನಿಕ್ಕಲ್ ಎರಡರ ಧೂಳೂ ಎದೆಗೆ ಹೋಗುತ್ತದೆ, ಅದು ಒಳ್ಳೆಯದಲ್ಲ. ನನಗೂ ಒಂದು ತುಂಡು ಕೊಟ್ಟು ಕೂರಿಸಿದರು. ಮೊದಲ ಅರ್ಧ ಗಂಟೆ ಏನೂ ಆಗುತ್ತಿಲ್ಲ ಅನ್ನಿಸುತ್ತದೆ. ಪೇಪರ್ ಸವೆಯುತ್ತದೆ, ಕ್ರೋಮ್ ನಗುತ್ತಾ ಇರುತ್ತದೆ.

ಆಮೇಲೆ ಒಂದು ಕಿತ್ತುಹೋಗಿದ್ದ ಅಂಚಿನ ಹತ್ತಿರ ನಾನು ನೋಡಿದ್ದು ಇವತ್ತಿಗೂ ಕಣ್ಣಲ್ಲಿದೆ. ಉಜ್ಜಿದಂತೆ ಅಲ್ಲಿ ಗೆರೆ ಗೆರೆಯಾಗಿ ಬಣ್ಣ ಕಾಣಿಸಿತು. ಹೊರಗೆ ನೀಲಿ ಛಾಯೆಯ ಬಿಳಿ ಕ್ರೋಮ್. ಅದರ ಒಳಗೆ ಸ್ವಲ್ಪ ಹಳದಿ ಕಡೆ ತಿರುಗಿದ ಬಿಳಿ, ಅದು ನಿಕ್ಕಲ್. ಅದರ ಒಳಗೆ ಹೊಸ ತಂಬಿಗೆಯ ಕೆಂಪು, ತಾಮ್ರ. ಮಧ್ಯದಲ್ಲಿ ಬೂದು ಪ್ಲಾಸ್ಟಿಕ್. ಎಬಿಎಸ್ ಪ್ಲಾಸ್ಟಿಕ್ಕಿನ ಮೇಲೆ ಕ್ರೋಮ್ ಕೂರಿಸುವ ಕ್ರಮವೇ ಇದು, ಮೊದಲು ತಾಮ್ರ, ಆಮೇಲೆ ನಿಕ್ಕಲ್, ಕೊನೆಗೆ ಕ್ರೋಮ್. ನಾವು ಕ್ರೋಮ್ ಅಂತ ನೋಡೋ ಹೊಳಪಿನ ಬಹುಪಾಲು ನಿಕ್ಕಲ್‌ದು. ಕ್ರೋಮ್ ಪದರ ಸಾಮಾನ್ಯವಾಗಿ ಅರ್ಧ ಮೈಕ್ರಾನೂ ಇರೋದಿಲ್ಲ, ಮೈಕ್ರಾನ್ ಅಂದರೆ ಮಿಲಿಮೀಟರಿನಲ್ಲಿ ಸಾವಿರದ ಒಂದು ಪಾಲು. ಅಷ್ಟು ತೆಳ್ಳಗಿದ್ದೂ ನಮ್ಮ ಕೈ ಬಿದ್ದು ಹೋಗುವ ಹಾಗೆ ಮಾಡಿತು.

ಆ ಗೆರೆಗಳು ಕೈಗೆ ತಗಲಬಾರದು, ಅದೇ ಪರೀಕ್ಷೆ. ಕಣ್ಣು ಮುಚ್ಚಿ ಬೆರಳು ಆಡಿಸಿದಾಗ ಮೆಟ್ಟಿಲು ಸಿಕ್ಕಿದರೆ ಬಣ್ಣದ ಮೇಲೂ ಆ ಮೆಟ್ಟಿಲು ಕಾಣುತ್ತದೆ. ಮೂಲೆಗಳಿಗೆ ಪೇಪರ್ ಹೋಗುವುದಿಲ್ಲ, ಅಲ್ಲಿಗೆ ಕೆಂಪು ಸ್ಕಾಚ್ ಬ್ರೈಟ್. ಬಣ್ಣ ಯಾವಾಗಲೂ ಮೂಲೆಯಿಂದಲೇ ಏಳೋದಕ್ಕೆ ಶುರು, ಯಾಕೆಂದರೆ ಉಜ್ಜೋದಕ್ಕೆ ಎಲ್ಲರಿಗೂ ಬೇಜಾರು ಬರುವುದೂ ಅಲ್ಲೇ.

ಪ್ಲಾಸ್ಟಿಕ್ ಕಾಣುತ್ತಿದ್ದ ಜಾಗಕ್ಕೆ ಪ್ಲಾಸ್ಟಿಕ್ ಪ್ರೈಮರ್ ಹಚ್ಚಿ, ಆಮೇಲೆ ಎಲ್ಲದಕ್ಕೂ ಎಪಾಕ್ಸಿ ಪ್ರೈಮರ್ ಹೊಡೆದರು. ಉಬ್ಬಿ ಒಡೆದುಹೋಗಿದ್ದ ಒಂದು ಫಾಗ್ ಲ್ಯಾಂಪ್ ಬಳೆ ಇತ್ತು, ಅದರ ಬದಲು ಬೇರೆ ತಂದಿದ್ದೆ. ಆ ಒಡೆದ ಬಳೆಯನ್ನು ಭಾಯ್ ಎಸೆಯಲಿಲ್ಲ, ಅದಕ್ಕೂ ಎಲ್ಲದರ ಜೊತೆ ಉಜ್ಜಿ ಪ್ರೈಮರ್ ಹೊಡೆದರು. ಒಣಗಿದ ಮೇಲೆ ಬ್ಲೇಡಿನಲ್ಲಿ ಅದರ ಮೇಲೆ ಅಡ್ಡ, ಉದ್ದ ಗೆರೆ ಎಳೆದು ಸಣ್ಣ ಸಣ್ಣ ಚೌಕ ಮಾಡಿದರು. ಟೇಪು ಅಂಟಿಸಿ, ಹೆಬ್ಬೆರಳಲ್ಲಿ ಚೆನ್ನಾಗಿ ಒತ್ತಿ, ಚರ್ರ್ ಅಂತ ಎಳೆದರು. ಟೇಪನ್ನು ತಿರುಗಿಸಿ ನನಗೆ ತೋರಿಸಿದರು. ಒಂದು ಚೌಕವೂ ಬಂದಿರಲಿಲ್ಲ. ನನಗೆ ಅವರ ಮೇಲೆ ಪೂರ್ತಿ ನಂಬಿಕೆ ಬಂದಿದ್ದು ಆಗ.

ಆಮೇಲೆ ಸಣ್ಣ ಗೀರು ತುಂಬುವ ಸರ್ಫೇಸರ್, ಮತ್ತೆ ಉಜ್ಜುವುದು, ಈ ಸಲ 800 ನಂಬರ್ ಪೇಪರಿನಲ್ಲಿ. ಇದು ಹೇಳಿದಷ್ಟೇ.

ಬಣ್ಣ ಕಲಸುವ ವಿಷಯಕ್ಕೆ ಬರುತ್ತೇನೆ, ಅಸಲಿ ಕಥೆ ಇಲ್ಲಿರೋದು. ನಾನು ಅಂದುಕೊಂಡಿದ್ದು ಹೀಗೆ: ಕಾರಿನ ಮೇಲೆ ಕಂಪನಿಯ ಸ್ಟಿಕ್ಕರ್ ಇದೆ, ಅದರಲ್ಲಿ ಪೇಂಟ್ ಕೋಡ್ ಇದೆ, ಕೋಡ್ ಕೊಟ್ಟರೆ ಅಂಗಡಿಯವನು ಕಂಪ್ಯೂಟರ್ ನೋಡಿ ಗ್ರಾಂ ಲೆಕ್ಕದಲ್ಲಿ ತೂಗಿ ಕಲಸಿಕೊಡುತ್ತಾನೆ, ಮುಗೀತು. ಭಾಯ್ ಕೋಡ್ ಬರೆದುಕೊಂಡರು, ಜೊತೆಗೆ ಪೆಟ್ರೋಲ್ ಮುಚ್ಚಳವನ್ನೂ ಬಿಚ್ಚಿ ಜೇಬಿಗೆ ಹಾಕಿಕೊಂಡರು. ಕೋಡ್ ಹೇಳೋದು ಗಾಡಿ ಫ್ಯಾಕ್ಟರಿಯಿಂದ ಹೊರಗೆ ಬಂದ ದಿನದ ಬಣ್ಣ. ನಿಮ್ಮ ಗಾಡಿ ಆಮೇಲೆ ಬಳ್ಳಾರಿಯಲ್ಲಿತ್ತಲ್ಲ ಅಂದರು.

ಅಂಗಡಿಯಲ್ಲಿ ಕೋಡ್ ಪ್ರಕಾರ ಕಲಸಿದ ಬಣ್ಣವನ್ನು ಒಂದು ರಟ್ಟಿನ ಮೇಲೆ ಹೊಡೆದು, ಅದರ ಮೇಲೆ ಕ್ಲಿಯರ್, ಅಂದರೆ ಬಣ್ಣವಿಲ್ಲದ ಹೊಳಪಿನ ಪದರ ಹೊಡೆದು, ಒಣಗಿಸಿ ತಂದರು. ಟ್ಯೂಬ್‌ಲೈಟಿನ ಕೆಳಗೆ ನನಗೆ ಏನೂ ವ್ಯತ್ಯಾಸ ಕಾಣಲಿಲ್ಲ. ಬಿಸಿಲಿಗೆ ತಂದು ಡಿಕ್ಕಿಯ ಮೇಲಿಟ್ಟರು. ಹೆಚ್ಚು ಕಡಿಮೆ ಸರಿ. ಅದೇ ರಟ್ಟನ್ನು ಬಾನೆಟ್ ಮೇಲಿಟ್ಟರೆ, ಅರೆ, ಬೇರೆಯದೇ ಬಣ್ಣ! ಬಾನೆಟ್ ಒಂದು ಹಂತ ತೆಳುವಾಗಿತ್ತು, ಜೊತೆಗೆ ಎಲ್ಲೋ ಒಂದು ಮಣ್ಣಿನ ಛಾಯೆ. ಕಾರಣ ನಮ್ಮ ಮನೆ ಮುಂದಿನ ತಗಡಿನ ಚಪ್ಪರ. ಅದರ ಉದ್ದ ಕಾರಿಗಿಂತ ಕಡಿಮೆ. ಡಿಕ್ಕಿ ಯಾವಾಗಲೂ ಒಳಗೆ ನೆರಳಲ್ಲಿ, ಬಾನೆಟ್ ಹೊರಗೆ ಪಡುವಣ ಬಿಸಿಲಿಗೆ. ಮೇಲಿನ ಬಿಸಿಲು ಸಾಲದು ಅಂತ ಕೆಳಗೆ ಇಂಜಿನ್ ಶಾಖ. ಮಾವನ ಕಾಲದಿಂದಲೂ ಅದೇ ಚಪ್ಪರ, ಅದೇ ದಿಕ್ಕು. ದಿನಾ ನೋಡುವ ಕಾರು, ಮುಂದೆ ಒಂದು ಬಣ್ಣ ಹಿಂದೆ ಒಂದು ಬಣ್ಣ ಇದೆ ಅಂತ ಆ ರಟ್ಟು ಹೇಳುವವರೆಗೆ ಮನೆಯಲ್ಲಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

"ಈಗ ಯಾವುದಕ್ಕೆ ಮ್ಯಾಚ್ ಮಾಡ್ಲಿ ಹೇಳಿ" ಅಂತ ಭಾಯ್ ನಕ್ಕರು. ಉತ್ತರ ಅವರ ಹತ್ತಿರವೇ ಇತ್ತು. ಗ್ರಿಲ್ಲಿನ ಪಕ್ಕ ಇರೋದು ಬಾನೆಟ್, ಹಿಂದಿನ ಪಟ್ಟಿಯ ಪಕ್ಕ ಇರೋದು ಡಿಕ್ಕಿ. ಎರಡನ್ನೂ ಒಟ್ಟಿಗೆ ನೋಡುವವರು ಯಾರೂ ಇಲ್ಲ. ಆದ್ದರಿಂದ ಬಣ್ಣ ಎರಡು. ಹಿಂದಿನದಕ್ಕೆ ಕೋಡ್ ಬಣ್ಣ ಹಾಗೆಯೇ. ಮುಂದಿನದಕ್ಕೆ ಅದರಲ್ಲೇ ಸ್ವಲ್ಪ ಬಿಳಿ, ಕಣ್ಣಿಗೆ ಕಾಣದಷ್ಟು ಹಳದಿ ಟಿಂಟರ್, ಮತ್ತೆ ರಟ್ಟು, ಮತ್ತೆ ಬಿಸಿಲು. ನೆಟ್ಟಗೆ ನಿಂತು ನೋಡುವುದು, ಆಮೇಲೆ ಬದಿಗೆ ಬಂದು ಬಗ್ಗಿ ಓರೆಯಾಗಿ ನೋಡುವುದು. ಮೆಟಾಲಿಕ್ ಬಣ್ಣ ನೇರಕ್ಕೆ ಒಂದಾದರೂ ಓರೆಗೆ ಕೈ ಕೊಡಬಹುದು. ಅದರೊಳಗಿನ ಅಲ್ಯುಮಿನಿಯಂ ಚೂರುಗಳು ಹೇಗೆ ಮಲಗಿವೆ ಅನ್ನೋದರ ಮೇಲೆ ಬಣ್ಣ ನಿಂತಿದೆ. ಹಸಿಯಾಗಿ ದಪ್ಪ ಹೊಡೆದರೆ ಗಾಢ, ಒಣ ಒಣವಾಗಿ ಹೊಡೆದರೆ ತೆಳು. ಅಂದರೆ ಒಂದೇ ಡಬ್ಬದ ಬಣ್ಣ ಇಬ್ಬರ ಕೈಯಲ್ಲಿ ಎರಡಾಗುತ್ತದೆ. ಕಂಪ್ಯೂಟರ್ ಇದನ್ನು ತೂಗೋದಿಲ್ಲ.

ಹೊಡೆದದ್ದು ಬೆಳಗಿನ ಜಾವ. ಹೊತ್ತು ಏರಿದರೆ ಸ್ಪ್ರೇ ಗನ್ನಿನಿಂದ ಹೊರಟ ಬಣ್ಣ ತಲುಪುವುದರೊಳಗೆ ಅರ್ಧ ಒಣಗಿ ಮರಳು ಮರಳಾಗಿ ಕೂರುತ್ತದೆ. ಅದಕ್ಕೆ ನಿಧಾನಕ್ಕೆ ಆರುವ ಥಿನ್ನರ್ ಬೇರೆ ಇರುತ್ತದೆ, ಬೇಸಿಗೆಯಲ್ಲಿ ಭಾಯ್ ಅದನ್ನೇ ಹಾಕೋದು. ಇನ್ನೊಂದು ಶತ್ರು ರಸ್ತೆಯ ಕೆಂಪು ಧೂಳು. ಹುಡುಗ ಶೆಡ್ಡಿನ ನೆಲಕ್ಕೆಲ್ಲ ನೀರು ಚಿಮುಕಿಸಿದ, ಒದ್ದೆ ಗೋಣಿಚೀಲ ಬಾಗಿಲಿಗೆ ಕಟ್ಟಿದ. ಪಟ್ಟಿಗಳನ್ನು ತಂತಿಗೆ ನೇತುಹಾಕಿ ಅಂಟು ಬಟ್ಟೆಯಲ್ಲಿ ಒರೆಸಿ, ತೆಳುವಾಗಿ ಒಂದು ಕೋಟ್, ಮಂಕಾಗುವವರೆಗೆ ಕಾಯುವುದು, ಮತ್ತೊಂದು, ಕೊನೆಯದನ್ನು ದೂರದಿಂದ ಮಂಜು ಬಿದ್ದ ಹಾಗೆ, ಚೂರುಗಳು ಸಮನಾಗಿ ಮಲಗಲಿ ಅಂತ. ಆಮೇಲೆ ಗಟ್ಟಿಯಾಗಿಸುವ ಹಾರ್ಡ್ನರ್ ಕಲಸಿದ ಕ್ಲಿಯರ್. ಈ ಕ್ಲಿಯರಿನ ಹಬೆಗೆ ಬರೀ ಕರ್ಚೀಫ್ ಸಾಲದು, ಅದರಲ್ಲಿರುವ ಐಸೋಸಯನೇಟ್ ಅನ್ನೋ ರಾಸಾಯನಿಕ ಉಸಿರಾಟಕ್ಕೆ ಕೆಟ್ಟದ್ದು. ಭಾಯ್ ಡಬ್ಬಿ ಫಿಲ್ಟರಿನ ಮಾಸ್ಕ್ ಹಾಕಿಕೊಂಡರು, ನನ್ನನ್ನು ಹೊರಗೆ ಕಳಿಸಿದರು. ಹೊರಗೆ ಹೋಗಿ ಹುಡುಗನ ಜೊತೆ ಮಂಡಕ್ಕಿ ಒಗ್ಗರಣಿ, ಮಿರ್ಚಿ ತಿಂದು ಬಂದೆ.

ಕಾರಿಗೆ ವಾಪಸ್ ಕೂರಿಸಿದ ಮೇಲೆ ಹಿಂದಿನ ಪಟ್ಟಿ ಎಲ್ಲಿದೆ ಅಂತ ನಾನೇ ಹುಡುಕಬೇಕಾಯಿತು. ಮುಂದಿನದರಲ್ಲಿ, ಸಂಜೆಯ ಓರೆ ಬಿಸಿಲಿನಲ್ಲಿ ಮಾತ್ರ, ಗ್ರಿಲ್ ಬಾನೆಟ್‌ಗಿಂತ ಒಂದು ಎಳೆ ಗಾಢವಾಗಿ ಕಾಣುತ್ತದೆ. ಗೊತ್ತಿದ್ದವರಿಗೆ ಅಷ್ಟೆ. ಕಂಪನಿಯ ಲಾಂಛನವನ್ನು ಮಾತ್ರ ಕ್ರೋಮ್‌ನಲ್ಲೇ ಬಿಟ್ಟಿದ್ದೇನೆ, ಅದು ಗಟ್ಟಿಯಾಗೇ ಇತ್ತು. ಒಂದು ತಿಂಗಳು ಪ್ರೆಶರ್ ನೀರು ಬೇಡ, ಪಾಲಿಶ್ ಅಂತೂ ಬೇಡವೇ ಬೇಡ ಅಂತ ಹೇಳಿ ಕಳಿಸಿದರು. ಉಳಿದ ಬಣ್ಣವನ್ನು ಎರಡು ಸಣ್ಣ ಬಾಟಲಿಯಲ್ಲಿ ಕೊಟ್ಟಿದ್ದಾರೆ, ಒಂದರ ಮೇಲೆ ಮುಂದೆ, ಒಂದರ ಮೇಲೆ ಹಿಂದೆ ಅಂತ ಬರೆದು.

ಮಾವ ಮುಂದಿನ ಭಾನುವಾರವೇ ನೋಡೋದಕ್ಕೆ ಬಂದರು. ಕಾರಿನ ಸುತ್ತ ಒಂದು ಸುತ್ತು ಹಾಕಿದರು, ಗ್ರಿಲ್ ಮೇಲೆ ಬೆರಳು ಆಡಿಸಿದರು. ಚೆನ್ನಾಗಿದೆ ಅಂತ ಬಾಯಿ ಬಿಟ್ಟು ಹೇಳಲಿಲ್ಲ. "ನನ್ನ ಸ್ಕೂಟರಿನ ಕ್ರ್ಯಾಶ್ ಗಾರ್ಡ್ ಹಂಗೇ ಎದ್ದೈತಿ, ನಿನ್ನ ಭಾಯ್‌ನ ಕೇಳು" ಅಂದರು. ಕೇಳಿದೆ. ಅದು ಕಬ್ಬಿಣ ಅಣ್ಣಾ, ಕ್ರೋಮ್ ಕೆಳಗೆ ತುಕ್ಕು ಹಿಡಿದಿರುತ್ತೆ, ಮೇಲೆ ಉಜ್ಜಿದರೆ ಆಗಲ್ಲ, ಬುಡದವರೆಗೆ ತೆಗೀಬೇಕು, ಮೊದಲು ಗಾಡಿ ತಗೊಂಡು ಬರೋಕೆ ಹೇಳಿ ಅಂದಿದ್ದಾರೆ. ಮಾವ ಇನ್ನೂ ಹೋಗಿಲ್ಲ, ರೇಟ್ ಎಷ್ಟು ಅಂತ ಮಾತ್ರ ಕೇಳ್ತಾ ಇದ್ದಾರೆ.