ಬಾಸೂರು ಕಾವಲಿನಲ್ಲಿ ಒಂದು ಸಂಜೆಯ ಎಣಿಕೆ

ಹಕ್ಕಿ ಎಣಿಸಲು ಸಂಜೆ 4.30ಕ್ಕೆಲ್ಲ ಕಡೂರು ತಾಲ್ಲೂಕಿನ ಬಾಸೂರು ಕಾವಲು ಎಂಬ ಹುಲ್ಲುಗಾವಲಿನಲ್ಲಿ ಕೂತಾಗಿತ್ತು. ಜನವರಿಯಲ್ಲಿ ಇಲ್ಲಿ ಹೊತ್ತು ಮುಳುಗುವುದು 6.15ರ ಆಸುಪಾಸು. ಸೆಳೆವಗಳು, ಅಂದರೆ ಹ್ಯಾರಿಯರ್ ಎಂಬ ಬೇಟೆಹಕ್ಕಿಗಳು, ರಾತ್ರಿ ಮಲಗಲು ಅದಕ್ಕೂ ಮುಕ್ಕಾಲು ಗಂಟೆ ಮುಂಚೆಯೇ ಬರತೊಡಗುತ್ತವೆ. ಅವು ಬಂದ ಮೇಲೆ ನಾವು ನಡೆದುಹೋದರೆ ಎಣಿಕೆ ಕೆಟ್ಟಿತು. ಬೆದರಿದ ಗುಂಪು ಕತ್ತಲಲ್ಲಿ ಬೇರೆ ಜಾಗ ಹುಡುಕಬೇಕಾಗುತ್ತದೆ, ಅದೂ ನರಿ, ತೋಳ ಓಡಾಡುವ ನೆಲದಲ್ಲಿ.

"ಹದ್ದಾದ್ರೆ ಮರ ಹತ್ಬೇಕಿತ್ತಲ್ಲ ಸ್ವಾಮಿ, ಇವು ಹುಲ್ಲೊಳಗೇ ಮಲಗ್ತವೆ," ಅಂದರು ಕುರಿ ಹೊಡೆದುಕೊಂಡು ಹೊರಟಿದ್ದ ಹಿರಿಯರೊಬ್ಬರು. ಜಾಗ ತೋರಿಸಿದವರೂ ಅವರೇ.

ಚಿಕ್ಕಮಗಳೂರು ಅಂದರೆ ಕಾಫಿ, ಗಿರಿ, ಮಂಜು ಎಂದುಕೊಂಡು ಬಂದವರಿಗೆ ಮಳೆನೆರಳಿನ ಕಡೂರು ಸೀಮೆ ಬರೀ ಬೀಳುಭೂಮಿಯಾಗಿ ಕಾಣುತ್ತದೆ. ಮೈಸೂರು ಅರಸರ ಕಾಲದಿಂದ ಅಮೃತಮಹಲ್ ದನಗಳಿಗೆಂದು ಬಿಟ್ಟ ಹುಲ್ಲುಗಾವಲು ಈ ಕಾವಲು. ಕೃಷ್ಣಮೃಗಗಳಿಗಾಗಿ 2011ರಲ್ಲಿ ಸಂರಕ್ಷಣಾ ಮೀಸಲು ಎಂದು ಘೋಷಣೆಯಾಯಿತು. 7 ಚದರ ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಕಜಕಸ್ತಾನದ ಕಡೆಯ ಹುಲ್ಲುಬಯಲುಗಳಲ್ಲಿ ಮರಿ ಮಾಡುವ ಹಕ್ಕಿಗಳಿಗೆ ಚಳಿಗಾಲ ಕಳೆಯಲು ಬೇಕಾದದ್ದು ಇಂಥದ್ದೇ ನೆಲ. ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಬಂದು ಮಾರ್ಚ್-ಏಪ್ರಿಲಿನಲ್ಲಿ ಮರಳುತ್ತವೆ.

ಎಣಿಸಲು ಕನಿಷ್ಠ ಎರಡು ಜೋಡಿ ಜನ ಬೇಕು. ಮಲಗುವ ಜಾಗದಿಂದ 200 ಮೀಟರ್ ದೂರದಲ್ಲಿ ಒಂದು ಜೋಡಿ ಪಡುವಲಿಗೆ, ಇನ್ನೊಂದು ಮೂಡಲಿಗೆ. ಬೆಳಕಿರುವಾಗ ಪಡುವಲ ಜೋಡಿಗೆ ಸೂರ್ಯ ಬೆನ್ನಿಗಿರುತ್ತಾನೆ, ಬಣ್ಣ ಚೆನ್ನಾಗಿ ಕಾಣುತ್ತದೆ. ಹೊತ್ತು ಮುಳುಗಿದ ಮೇಲೆ ಮೂಡಲವರದೇ ಕಣ್ಣು. ಪಡುವಣದ ಕೆಂಪಿನ ಎದುರು ಹಾರುವ ಹಕ್ಕಿ ಕಪ್ಪಗೆ ಎದ್ದು ಕಾಣುತ್ತದೆ. ಒಬ್ಬರು 8x42 ದುರ್ಬೀನು ಹಿಡಿದು ಹೇಳುತ್ತಾ ಹೋಗಬೇಕು, ಇನ್ನೊಬ್ಬರು ಬರೆಯಬೇಕು. ಐದೈದು ನಿಮಿಷಕ್ಕೊಂದು ಸಾಲು, ಅದರಲ್ಲಿ ಎರಡು ಕಲಂ: ಇಳಿದದ್ದು, ಎದ್ದದ್ದು. ಎರಡನೆಯದನ್ನು ಬಿಟ್ಟರೆ ಲೆಕ್ಕ ಉಬ್ಬುತ್ತದೆ. ಇಳಿದ ಹಕ್ಕಿ ಪಕ್ಕದಲ್ಲಿ ಇನ್ನೊಂದು ಇಳಿದಾಗ ಎದ್ದು, ಒಂದು ಸುತ್ತು ಹಾಕಿ ಮತ್ತೆ ಕೂರುತ್ತದೆ. ಅದೇ ಹಕ್ಕಿ ಮೂರು ಸಲ ಪುಸ್ತಕಕ್ಕೆ ಏರಿಬಿಡುತ್ತದೆ.

ಗಂಡು ಮಾಂಟೆಗು ಹ್ಯಾರಿಯರ್ ಬೂದುಬಣ್ಣದ್ದು, ರೆಕ್ಕೆಗೆ ಅಡ್ಡಲಾಗಿ ಕಪ್ಪು ಪಟ್ಟಿ. ಗಂಡು ಪ್ಯಾಲಿಡ್ ಹ್ಯಾರಿಯರ್ ಇನ್ನೂ ಬಿಳುಚು, ರೆಕ್ಕೆತುದಿಯಲ್ಲಿ ಬೆಣೆಯಂಥ ಕಪ್ಪು. ಹೆಣ್ಣು ಮತ್ತು ಎಳೆಯವು ಕಂದು, ಬಾಲದ ಬುಡದಲ್ಲಿ ಬಿಳಿ ಮಚ್ಚೆ. ಮಬ್ಬಿನಲ್ಲಿ ಇವುಗಳ ಜಾತಿ ಹೇಳಲು ಹೋಗಬಾರದು. 'ಕಂದು' ಎಂದು ಬರೆದರೆ ಸಾಕು. ಊಹೆಯ ಹೆಸರಿಗಿಂತ ಅದು ಎಷ್ಟೋ ಮೇಲು.

ಮರುದಿನ ಬೆಳಿಗ್ಗೆ ಹಕ್ಕಿಗಳೆಲ್ಲ ಹೋದ ಮೇಲೆ, 8 ಗಂಟೆಗೆ ಒಳಗೆ ಕಾಲಿಟ್ಟೆವು. ಮೊಣಕಾಲೆತ್ತರದ ಊಬಿನ ಹುಲ್ಲು, ನಡುನಡುವೆ ತಟ್ಟೆಯಗಲ ಒತ್ತಿದ ಹಾಸಿಗೆಗಳು. ಪಕ್ಕದಲ್ಲೇ ಜೀರ್ಣವಾಗದ್ದನ್ನು ಹಕ್ಕಿ ಕಕ್ಕಿದ ಉಂಡೆ, ಹೆಬ್ಬೆರಳ ತುದಿಯಷ್ಟು. ಕೈಗವಸು ಹಾಕಿ ಒಂದೊಂದನ್ನೂ ಬೇರೆ ಕಾಗದದ ಪೊಟ್ಟಣಕ್ಕೆ ಹಾಕಿ ತಾರೀಖು ಬರೆಯಬೇಕು. ಪ್ಲಾಸ್ಟಿಕ್ ಕವರಿನಲ್ಲಿಟ್ಟರೆ ಬೂಸಲು ಬರುತ್ತದೆ. ಒಣಗಿದ್ದನ್ನು ಹಾಗೇ ಬಿಡಿಸಿದರೆ ಪುಡಿಯಾಗುತ್ತದೆ, ಉಗುರುಬೆಚ್ಚಗಿನ ನೀರಲ್ಲಿ ನೆನೆಸಿ ಚಿಮಟದಲ್ಲಿ ಬಿಡಿಸಬೇಕು. ಒಂದರೊಳಗೆ ಇಲಿಯ ಕೂದಲು, ಮಿಕ್ಕಿದ್ದೆಲ್ಲ ಮಿಡತೆ: ಗರಗಸದಂಥ ಕಾಲು, ಹೊಳೆಯುವ ಕಪ್ಪು ದವಡೆ. ದವಡೆಗಳನ್ನು ಎಣಿಸಿ ಎರಡರಿಂದ ಭಾಗಿಸಿದರೆ ಎಷ್ಟು ಮಿಡತೆ ತಿಂದಿದೆ ಎಂಬ ಅಂದಾಜು ಸಿಗುತ್ತದೆ. ಸುತ್ತಲ ಅವರೆ, ಹುರುಳಿ ಹೊಲದವರಿಗೆ ಈ ಉಂಡೆ ಬಿಡಿಸಿ ತೋರಿಸಬೇಕು. ಬೆಳೆ ಮೇಯುವ ಮಿಡತೆಯನ್ನು ಹಕ್ಕಿ ತಿನ್ನುತ್ತದೆಂಬುದು ಭಾಷಣಕ್ಕಿಂತ ಹೀಗೆ ಬೇಗ ನಾಟುತ್ತದೆ.

ಇಂಥ ಜಾಗ ಕೆಡುವುದು ಹೆಚ್ಚಾಗಿ ಒಳ್ಳೆಯದು ಮಾಡಲು ಹೋದಾಗಲೇ. ಬಯಲು ಖಾಲಿಯಿದೆ ಎಂದು ಗುಂಡಿ ತೋಡಿ ಸಸಿ ನೆಟ್ಟರೆ ನೆರಳಿಗೆ ಹುಲ್ಲು ಸಾಯುತ್ತದೆ, ಮರೆಯಲ್ಲಿ ನರಿ ಹೊಂಚುತ್ತದೆ, ಹಕ್ಕಿ ಆ ಜಾಗ ಬಿಡುತ್ತದೆ. ಹಾಗಂತ ಮೇಯಿಸುವುದನ್ನು ಪೂರ್ತಿ ನಿಲ್ಲಿಸುವುದೂ ತಪ್ಪು ಎಂಬುದು ನಮ್ಮ ಖಚಿತ ಅಭಿಪ್ರಾಯ. ದನ ಕಾಲಿಡದ ಕಡೆ ಪೊದೆಗಳು ಹಬ್ಬುತ್ತವೆ. ಇನ್ನು ಬೆಂಕಿ. ಫೆಬ್ರವರಿಗೆ ಹುಲ್ಲು ಕಡ್ಡಿಯಾಗಿರುತ್ತದೆ, ಒಂದು ಬೀಡಿ ಸಾಕು. ಬೆಂಕಿರೇಖೆಯನ್ನು, ಅಂದರೆ ಬೆಂಕಿ ದಾಟದಂತೆ ಹುಲ್ಲು ತೆಗೆಯುವ ಪಟ್ಟಿಯನ್ನು, ಡಿಸೆಂಬರಿನೊಳಗೇ ಸವರಿ ಮುಗಿಸಬೇಕು, ಹಗಲು ಹೊತ್ತಿನಲ್ಲಿ, ಮಲಗುವ ಜಾಗದ ಸುತ್ತ ದೂರ ಬಿಟ್ಟು. ಅದಕ್ಕೆ ಆ ಜಾಗ ಗೊತ್ತಿರಬೇಕು. ಎಣಿಕೆಯ ಹಾಳೆಯ ಜೊತೆ ಒಂದು ಕೈನಕ್ಷೆಯನ್ನೂ ಅರಣ್ಯ ಇಲಾಖೆಗೆ ಕೊಡುವುದು ಅದಕ್ಕಾಗಿಯೇ.