ಪರೀಕ್ಷೆಯಲ್ಲಿ ಸರಿಯಾಗಿ ಹೇಳಿ, ಮತಗಟ್ಟೆಯಲ್ಲಿ ಮರೆತ ಉತ್ತರ

ಅಮೆರಿಕದ ಪೌರತ್ವಕ್ಕಾಗಿ 2011ರಲ್ಲಿ ನಡೆದ ಸಂದರ್ಶನದಲ್ಲಿ ನನಗೆ ಬಂದ ಪ್ರಶ್ನೆಗಳಲ್ಲೊಂದು, ಒಕ್ಕೂಟದ ಕಾನೂನುಗಳನ್ನು ಮಾಡುವವರು ಯಾರು ಎಂಬುದಾಗಿತ್ತು. ನೂರು ಪ್ರಶ್ನೆಗಳ ಪಟ್ಟಿಯನ್ನು ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಅವುಗಳಲ್ಲಿ ಹೆಚ್ಚೆಂದರೆ ಹತ್ತನ್ನು ಕೇಳುತ್ತಿದ್ದರು, ಆರಕ್ಕೆ ಸರಿಯಾಗಿ ಉತ್ತರಿಸಿದರೆ ತೇರ್ಗಡೆ. ‘ಕಾಂಗ್ರೆಸ್’ ಎಂದು ತಡವರಿಸದೆ ಹೇಳಿದೆ; ಸೆನೆಟ್ ಮತ್ತು ಕೆಳಮನೆ ಎರಡೂ ಸೇರಿದ ಇಲ್ಲಿನ ಸಂಸತ್ತಿನ ಹೆಸರದು. ಆಮೇಲೆ ಪ್ರಮಾಣವಚನ ಸ್ವೀಕರಿಸಿ, ಮತದಾರರ ಪಟ್ಟಿಗೆ ಹೆಸರು ಸೇರಿಸಿ, ಮುಂದಿನ ಹತ್ತು ವರ್ಷ ಆ ಉತ್ತರವನ್ನೇ ಮರೆತವನಂತೆ ಮತ ಹಾಕಿದೆ ಎಂದು ಈಗ ಅನ್ನಿಸುತ್ತದೆ.

ವಲಸೆಯ ವಿಷಯದಲ್ಲಿ ಯಾರು ಸರಿ, ಯಾರು ತಪ್ಪು ಎಂಬ ಲೆಕ್ಕವನ್ನೆಲ್ಲ ನಾನು ಅಧ್ಯಕ್ಷೀಯ ಅಭ್ಯರ್ಥಿಯ ಹೆಸರಿನ ಎದುರಿಗೇ ಮುಗಿಸಿಬಿಡುತ್ತಿದ್ದೆ. ಮತಪತ್ರದಲ್ಲಿ ಅದರ ಕೆಳಗಿರುವ ಸೆನೆಟ್ ಮತ್ತು ಕೆಳಮನೆಯ ಸಾಲುಗಳಿಗೆ ಬರುವ ಹೊತ್ತಿಗೆ ಆಸಕ್ತಿ ಬತ್ತಿರುತ್ತಿತ್ತು. ಅಧ್ಯಕ್ಷರ ಕೈಯಲ್ಲಿ ಏನೂ ಇಲ್ಲವೆಂದು ನಾನು ಹೇಳುತ್ತಿಲ್ಲ. ಇದೆ, ಆದರೆ ಒಬ್ಬರು ಬರೆದದ್ದನ್ನು ಇನ್ನೊಬ್ಬರು ಅಳಿಸಬಹುದಾದಷ್ಟು ಮಾತ್ರ ಇದೆ. ಮಕ್ಕಳಾಗಿದ್ದಾಗ ಹೆತ್ತವರೊಂದಿಗೆ ಬಂದು ಕಾಗದಪತ್ರವಿಲ್ಲದೆ ಬೆಳೆದವರಿಗೆ ಒಬಾಮ 2012ರಲ್ಲಿ ಕೊಟ್ಟ ರಕ್ಷಣೆಯನ್ನು ಟ್ರಂಪ್ ಸರಕಾರ 2017ರಲ್ಲಿ ರದ್ದುಗೊಳಿಸಲು ಹೊರಟಿತು. 2020ರಲ್ಲಿ ಸುಪ್ರೀಂ ಕೋರ್ಟ್ 5–4ರ ಬಹುಮತದಲ್ಲಿ ಆ ರದ್ದತಿಯನ್ನು ತಡೆಯಿತು. ಬಹುತೇಕ ಮುಸ್ಲಿಂ ಬಾಹುಳ್ಯದ ಕೆಲವು ದೇಶಗಳವರಿಗೆ 2017ರಲ್ಲಿ ವಿಧಿಸಿದ ಪ್ರವೇಶ ನಿಷೇಧವನ್ನು ಬೈಡನ್ 2021ರಲ್ಲಿ ಅಧಿಕಾರಕ್ಕೆ ಬಂದ ದಿನವೇ ತೆಗೆದುಹಾಕಿದರು. 2025ರ ಸೆಪ್ಟೆಂಬರಿನಲ್ಲಿ, ಹೊರದೇಶದ ಪರಿಣತರಿಗೆ ತಾತ್ಕಾಲಿಕ ಕೆಲಸಕ್ಕಾಗಿ ಕೊಡುವ ಎಚ್-1ಬಿ ವೀಸಾಕ್ಕೆ ಒಂದು ಲಕ್ಷ ಡಾಲರ್ ಶುಲ್ಕವೆಂಬ ಘೋಷಣೆ ಹೊರಬಿದ್ದಾಗ, ರಜೆಗೆಂದು ಊರಿಗೆ ಹೋದವರು ಮಾರನೆಯ ದಿನವೇ ಗಂಟುಮೂಟೆ ಕಟ್ಟಿ ವಿಮಾನ ಹುಡುಕಿದರು; ಅದು ಹೊಸ ಅರ್ಜಿಗಳಿಗೆ ಮಾತ್ರವೆಂಬ ವಿವರಣೆ ಬಂದದ್ದು ಆಮೇಲೆ. ಹೀಗೆ ಒಂದು ಸಹಿಯಿಂದ ಇನ್ನೊಂದು ಸಹಿಯವರೆಗೆ ಜೀವ ಹಿಡಿದುಕೊಂಡಿರಬೇಕಾದ ಸ್ಥಿತಿಯನ್ನು ನೀತಿ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಕಾನೂನಿನ ಬುಡ ಇರುವುದು ಬೇರೆಡೆ. ಮೂಲದೇಶದ ಆಧಾರದ ಮೇಲೆ ಪಾಲು ಹಂಚುತ್ತಿದ್ದ 1924ರ ವ್ಯವಸ್ಥೆಯನ್ನು ಕಿತ್ತುಹಾಕಿದ್ದು 1965ರ ಕಾಯಿದೆ. ಉದ್ಯೋಗದ ಆಧಾರದ ಗ್ರೀನ್ ಕಾರ್ಡುಗಳಿಗೆ, ಅಂದರೆ ಶಾಶ್ವತ ವಾಸದ ಪರವಾನಗಿಗಳಿಗೆ, ವರ್ಷಕ್ಕೆ 1,40,000 ಎಂಬ ಮಿತಿಯನ್ನು ಇಟ್ಟದ್ದು 1990ರ ಕಾಯಿದೆ. ಅರ್ಜಿದಾರರ ಹೆಂಡತಿ, ಗಂಡ, ಮಕ್ಕಳೆಲ್ಲ ಆ ಸಂಖ್ಯೆಯ ಒಳಗೇ ಎಣಿಕೆಯಾಗುತ್ತಾರೆ. ಅದರ ಮೇಲೆ, ಯಾವುದೇ ಒಂದು ದೇಶದಲ್ಲಿ ಹುಟ್ಟಿದವರಿಗೆ ಶೇಕಡಾ 7ಕ್ಕಿಂತ ಹೆಚ್ಚು ಸಲ್ಲಬಾರದೆಂಬ ನಿಯಮವಿದೆ. ಭಾರತಕ್ಕೂ ಅಷ್ಟೇ, ಐಸ್‌ಲೆಂಡಿಗೂ ಅಷ್ಟೇ. ಇದನ್ನು ಸಮಾನತೆ ಎನ್ನಬೇಕೋ ಅಸಮಾನತೆ ಎನ್ನಬೇಕೋ ಎಂದು ನಾನು ಸರದಿಯಲ್ಲಿ ನಿಂತ ಏಳು ವರ್ಷ ಯೋಚಿಸಿದ್ದೇನೆ, ಇಂದಿಗೂ ತೀರ್ಮಾನಕ್ಕೆ ಬಂದಿಲ್ಲ. ಆದರೆ ನನ್ನ ನಂತರ ಬಂದವರ ಸರದಿ ಎಷ್ಟು ಉದ್ದವಾಗಿದೆಯೆಂದರೆ, ಕೈಗೂಸಾಗಿ ಬಂದ ಮಗುವಿಗೆ ಇಪ್ಪತ್ತೊಂದು ತುಂಬಿ, ತಂದೆಯ ಅರ್ಜಿಯಿಂದಲೇ ಹೊರಬೀಳುವ ಪ್ರಸಂಗಗಳಿವೆ. ಈ ಶೇಕಡಾ 7ನ್ನು ಯಾವ ಅಧ್ಯಕ್ಷರೂ ಸಹಿಯಿಂದ 8 ಮಾಡಲಾರರು.

ಬದಲಿಸಬಲ್ಲವರು ಪ್ರಯತ್ನಿಸಲಿಲ್ಲವೆಂದಲ್ಲ. 1986ರಲ್ಲಿ ರೇಗನ್ ಸಹಿ ಹಾಕಿದ ಕಾಯಿದೆಯಿಂದ ಸುಮಾರು 27 ಲಕ್ಷ ಜನರ ವಾಸ ಸಕ್ರಮವಾಯಿತು. ಅದರ ಜೊತೆಗೆ, ಅಕ್ರಮವಾಗಿ ಬಂದವರನ್ನು ಗೊತ್ತಿದ್ದೂ ಕೆಲಸಕ್ಕಿಟ್ಟುಕೊಳ್ಳುವ ಮಾಲೀಕರಿಗೆ ಮೊದಲ ಬಾರಿಗೆ ದಂಡ ವಿಧಿಸಲಾಯಿತು. ಮೊದಲ ಅರ್ಧ ನಡೆಯಿತು, ಎರಡನೆಯ ಅರ್ಧ ಬಹುಮಟ್ಟಿಗೆ ಕಾಗದದಲ್ಲೇ ಉಳಿಯಿತು, ಮತ್ತು ಅಂದು ಹುಟ್ಟಿದ ಅಪನಂಬಿಕೆ ಇವತ್ತಿನ ಚರ್ಚೆಯಲ್ಲೂ ಹೊಗೆಯಾಡುತ್ತಿದೆ. 2006ರಲ್ಲಿ ಸೆನೆಟ್ ಒಪ್ಪಿದ ಮಸೂದೆಯನ್ನು ಕೆಳಮನೆ ಒಪ್ಪಲಿಲ್ಲ. 2013ರ ಜೂನಿನಲ್ಲಿ ಎರಡೂ ಪಕ್ಷದವರು ಸೇರಿ ರೂಪಿಸಿದ ಮಸೂದೆ ಸೆನೆಟ್‌ನಲ್ಲಿ 68–32ರಿಂದ ಗೆದ್ದಿತು. ಗಡಿಯ ಕಾವಲಿಗೆ ಹಣ, ಕಾಗದಪತ್ರವಿಲ್ಲದವರಿಗೆ ದಂಡ ಮತ್ತು ತೆರಿಗೆ ಕಟ್ಟಿಸಿಕೊಂಡು ಹದಿಮೂರು ವರ್ಷಗಳ ದಾರಿ, ಉದ್ಯೋಗದ ವೀಸಾಗಳಲ್ಲಿ ದೇಶವಾರು ಮಿತಿಯ ರದ್ದತಿ, ಎಲ್ಲವೂ ಅದರಲ್ಲಿದ್ದವು. ಸ್ಪೀಕರ್ ಜಾನ್ ಬೇನರ್ ಅದನ್ನು ಕೆಳಮನೆಯಲ್ಲಿ ಮತಕ್ಕೇ ಹಾಕಲಿಲ್ಲ.

ಆ ಮಸೂದೆಯ ಕೊನೆಯುಸಿರು ಹೋದದ್ದು ಎಲ್ಲಿ ಎಂಬುದನ್ನು ತಿಳಿದ ಮೇಲೆ ನನ್ನ ಮತದಾನದ ರೀತಿಯೇ ಬದಲಾಯಿತು. 2014ರ ಜೂನ್ 10ರಂದು ವರ್ಜೀನಿಯಾದ ಏಳನೆಯ ಕ್ಷೇತ್ರದಲ್ಲಿ ರಿಪಬ್ಲಿಕನ್ ಪಕ್ಷದ ಪ್ರೈಮರಿ, ಅಂದರೆ ಅಭ್ಯರ್ಥಿಯನ್ನು ಆರಿಸುವ ಒಳಚುನಾವಣೆ ನಡೆಯಿತು. ಕೆಳಮನೆಯ ಬಹುಮತದ ನಾಯಕ ಎರಿಕ್ ಕ್ಯಾಂಟರ್ ಅಲ್ಲಿ ಡೇವ್ ಬ್ರ್ಯಾಟ್ ಎಂಬ ಅರ್ಥಶಾಸ್ತ್ರದ ಅಧ್ಯಾಪಕರೆದುರು ಸೋತರು. ವಲಸಿಗರ ಬಗ್ಗೆ ಕ್ಯಾಂಟರ್ ಮೆದುವಾದರೆಂಬುದು ಬ್ರ್ಯಾಟ್ ಅವರ ಪ್ರಚಾರದ ಮುಖ್ಯ ಬಾಣವಾಗಿತ್ತು. ಸೋಲಿಗೆ ಬೇರೆ ಕಾರಣಗಳೂ ಇದ್ದವು ಎನ್ನುವವರಿದ್ದಾರೆ, ಇರಬಹುದು. ಆದರೆ ವಾಷಿಂಗ್‌ಟನ್ನಿನಲ್ಲಿ ಎಲ್ಲರೂ ಓದಿಕೊಂಡ ಪಾಠ ಒಂದೇ: ವಲಸೆಯ ಮಸೂದೆಯನ್ನು ಮುಟ್ಟಿದವರ ಕೈ ಸುಡುತ್ತದೆ. ಅಂದು ಇಬ್ಬರಿಗೂ ಬಿದ್ದ ಒಟ್ಟು ಮತಗಳು ಸುಮಾರು 65 ಸಾವಿರ. ಮೂವತ್ತು ಕೋಟಿಗೂ ಹೆಚ್ಚು ಜನರ ದೇಶದಲ್ಲಿ, ಲಕ್ಷಾಂತರ ಕುಟುಂಬಗಳ ಭವಿಷ್ಯವನ್ನು ತೂಗಿದ ತಕ್ಕಡಿಯಲ್ಲಿದ್ದದ್ದು ಅಷ್ಟೇ ಮತಗಳು. ಆ ವರ್ಷದ ನವೆಂಬರಿನ ಸಾರ್ವತ್ರಿಕ ಚುನಾವಣೆಗಾದರೂ ಜನ ಹರಿದುಬಂದರೇ? ಮತದಾನ ಶೇಕಡಾ 36ರ ಆಸುಪಾಸಿಗೆ ಇಳಿಯಿತು. 1942ರ ನಂತರ ಅಷ್ಟು ಕಡಿಮೆಯಾದದ್ದು ಅದೇ ಮೊದಲು. ಮನೆಯಲ್ಲಿ ಕುಳಿತವರಲ್ಲಿ ನಾನೂ ಒಬ್ಬ. ಅಧ್ಯಕ್ಷರ ಚುನಾವಣೆಯಲ್ಲವಲ್ಲ ಎಂಬುದು ನನ್ನ ಸಬೂಬು.

ನಮ್ಮವರು ಸೇರಿದಲ್ಲೆಲ್ಲ ಕೇಳಿಬರುವ ಒಂದು ಮಾತನ್ನೂ ಇಲ್ಲಿ ಪ್ರಸ್ತಾಪಿಸಬೇಕು: ‘ನಾವು ಸರದಿಯಲ್ಲಿ ನಿಂತು ಬಂದೆವು, ಅವರೇಕೆ ಬೇಲಿ ಹಾರಿ ಬರಬೇಕು?’ ನಾನೂ ಆಡಿದ ಮಾತಿದು, ಅದರ ಹಿಂದಿನ ನೋವು ಸುಳ್ಳಲ್ಲ. ಯಾರನ್ನು ಒಳಗೆ ಬಿಡಬೇಕೆಂದು ನಿರ್ಧರಿಸುವ ಹಕ್ಕು ದೇಶಕ್ಕಿದೆ, ಗಡಿಗೆ ಕಾವಲು ಬೇಕು ಎಂಬುದರಲ್ಲಿ ನನಗೆ ಇಂದಿಗೂ ಸಂಶಯವಿಲ್ಲ. ಆದರೆ ನನಗೊಂದು ಸರದಿಯಾದರೂ ಇತ್ತು, ನನ್ನ ಪದವಿಗೊಂದು ಕಂಪನಿಯ ಪತ್ರವಿತ್ತು. ಓದು ಹೆಚ್ಚಿಲ್ಲದ ಕೂಲಿಯಾಳುಗಳಿಗೆ ಉದ್ಯೋಗದ ಆಧಾರದಲ್ಲಿ ಶಾಶ್ವತ ವಾಸಕ್ಕೆ ಕಾನೂನು ಇಟ್ಟಿರುವುದು, ಇಡೀ ಜಗತ್ತಿಗೆ ಸೇರಿ, ವರ್ಷಕ್ಕೆ ಹೆಚ್ಚೆಂದರೆ 10,000 ಜಾಗ. ಇಲ್ಲದ ಸರದಿಯಲ್ಲಿ ನಿಲ್ಲು ಎಂದು ಹೇಳುವುದು ಸುಲಭ. ಇಷ್ಟಕ್ಕೂ ನಮ್ಮ ಸರದಿಯೂ ಅನಾದಿಯಿಂದ ಇದ್ದದ್ದಲ್ಲ. ಭಾರತದಿಂದ ಬಂದಿದ್ದ ಭಗತ್ ಸಿಂಗ್ ಥಿಂಡ್ ಅವರು ಬಿಳಿಯರಲ್ಲವಾದ್ದರಿಂದ ಪೌರರಾಗಲು ಅರ್ಹರಲ್ಲವೆಂದು 1923ರಲ್ಲಿ ಸುಪ್ರೀಂ ಕೋರ್ಟೇ ತೀರ್ಪು ಕೊಟ್ಟಿತ್ತು. ಭಾರತೀಯರಿಗೆ ಪೌರತ್ವದ ಬಾಗಿಲು ತೆರೆದು, ವರ್ಷಕ್ಕೆ ನೂರು ಜನರಂತೆ ಬರಗೊಟ್ಟದ್ದು 1946ರ ಕಾಯಿದೆ. ಅದನ್ನು ಮಾಡಿದ್ದು ಕಾಂಗ್ರೆಸ್. ಆ ಬಾಗಿಲಿನಿಂದ ಪೌರರಾದ ದಲೀಪ್ ಸಿಂಗ್ ಸೌಂದ್ ಹತ್ತೇ ವರ್ಷದಲ್ಲಿ, 1956ರಲ್ಲಿ, ಕ್ಯಾಲಿಫೋರ್ನಿಯಾದಿಂದ ಕೆಳಮನೆಗೇ ಆಯ್ಕೆಯಾದರು.

ಆದ್ದರಿಂದ ಈಗ ನಾನು ಪ್ರೈಮರಿಗೆ ತಪ್ಪದೆ ಹೋಗುತ್ತೇನೆ. ‘ಗಡಿ ಮುಚ್ಚುತ್ತೇನೆ’ ಎಂಬವರನ್ನೂ ‘ಎಲ್ಲರಿಗೂ ಸ್ವಾಗತ’ ಎಂಬವರನ್ನೂ ಒಂದೇ ಅನುಮಾನದಿಂದ ನೋಡುತ್ತೇನೆ, ಏಕೆಂದರೆ ಸೆನೆಟ್‌ನಲ್ಲಿ ಮಸೂದೆ ಮುಂದೆ ಸಾಗಲು 60 ಮತ ಬೇಕು, ಮತ್ತು ಎದುರು ಪಕ್ಷದವರ ಜೊತೆ ಕುಳಿತು ಮಾತಾಡದವರಿಗೆ ಆ ಅರುವತ್ತು ಸಿಗುವುದಿಲ್ಲ. 2024ರ ಫೆಬ್ರವರಿಯಲ್ಲಿ ಎರಡೂ ಕಡೆಯವರು ಕೂಡಿ ಬರೆದ ಗಡಿ ಮಸೂದೆ ಬಿದ್ದದ್ದೂ ಅದೇ ಹೊಸ್ತಿಲಲ್ಲಿ. ಅದರಲ್ಲಿ ನನಗೆ ಹಿಡಿಸದ ಅಂಶಗಳು ಹಲವಿದ್ದವು, ಆದರೂ ಬಿದ್ದದ್ದಕ್ಕೆ ಬೇಸರವಾಯಿತು.

ಕಳೆದ ಪ್ರೈಮರಿಗೆ ಮುಂಚೆ ನನ್ನ ಕ್ಷೇತ್ರದ ಇಬ್ಬರು ಅಭ್ಯರ್ಥಿಗಳಿಗೆ ಪತ್ರ ಬರೆದು ಎರಡೇ ಪ್ರಶ್ನೆ ಕೇಳಿದೆ: ದೇಶವಾರು ಶೇಕಡಾ 7ರ ಮಿತಿಯ ಬಗ್ಗೆ ನಿಮ್ಮ ಮತ ಯಾವ ಕಡೆ, ಮತ್ತು ಎದುರು ಪಕ್ಷದ ಯಾರೊಂದಿಗೆ ಕೂಡಿ ಮಸೂದೆ ಮಂಡಿಸಲು ನೀವು ಸಿದ್ಧರು? ಒಬ್ಬರ ಕಚೇರಿಯಿಂದ ಮಾತ್ರ ಉತ್ತರ ಬಂತು. ಗಡಿಯ ಬಗ್ಗೆ ಮೂರು ಪ್ಯಾರಾ, ನನ್ನ ಆಸಕ್ತಿಗೆ ಧನ್ಯವಾದ, ಕೆಳಗೆ ದೇಣಿಗೆ ನೀಡಲು ಕೊಂಡಿ. ನನ್ನ ಎರಡು ಪ್ರಶ್ನೆಗಳ ಸುದ್ದಿ ಎಲ್ಲೂ ಇರಲಿಲ್ಲ. ಮತ್ತೆ ಬರೆದಿದ್ದೇನೆ.